ಮಾಡೆಲ್ ಆಮೇಲೆ ಮಾಡೋಣ, ಮೊದಲು ಫಾರಂ ನೋಡೋಣ

ನಮ್ಮ ಹಾಸನ ಕಡೆಯ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಹೋಗಿ. ‘ಮಷೀನ್ ಲರ್ನಿಂಗ್ ಬಳಸಿ ಹೃದ್ರೋಗ ಪತ್ತೆ’ ಅನ್ನೋ ಪೋಸ್ಟರ್ ಒಂದಾದರೂ ಸಿಕ್ಕೇ ಸಿಗುತ್ತೆ. ಪಕ್ಕದಲ್ಲಿ ನಾಲ್ಕು ಜನ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ನಿಂತಿರ್ತಾರೆ. ಅಕ್ಯುರಸಿ ಎಷ್ಟು ಅಂದ್ರೆ ಥಟ್ ಅಂತ ಹೇಳ್ತಾರೆ. ಡೇಟಾ ಯಾರದ್ದು ಅಂತ ಕೇಳಿದರೆ ‘ಕ್ಯಾಗಲ್‌ದು ಸಾರ್’ ಅಂತಾರೆ. ಕ್ಯಾಗಲ್‌ಗೆ ಅದು ಎಲ್ಲಿಂದ ಬಂತು ಅಂತ ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ.

ಅದು ಬಂದಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಿಂದ. 303 ಜನರ ಮಾಹಿತಿ, 14 ಕಾಲಂ. 1988ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಡೇಟಾ ಸಂಗ್ರಹಕ್ಕೆ ಸೇರಿತು. ಅಂದ್ರೆ ನಾವು ಯಾರೂ ಹುಟ್ಟೋಕೆ ಮುಂಚೆ. ಅದರ ಜೊತೆಗೇ ಸ್ವಿಟ್ಜರ್‌ಲ್ಯಾಂಡ್‌ನ 123 ರೋಗಿಗಳ ಇನ್ನೊಂದು ಫೈಲ್ ಇದೆ. ಅದರ ಕೊಲೆಸ್ಟರಾಲ್ ಕಾಲಂ ತೆಗೆದು ನೋಡಿ. 123 ಜನಕ್ಕೂ ಸೊನ್ನೆ. ಕೊಲೆಸ್ಟರಾಲ್ ಸೊನ್ನೆ ಇರೋ ಮನುಷ್ಯ ಭೂಮಿ ಮೇಲೆ ಇಲ್ಲ. ಮಧುಮೇಹದ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಬಳಸೋ ಪೀಮಾ ಡೇಟಾದಲ್ಲೂ ಇದೇ ಕಥೆ. 768 ಹೆಂಗಸರಲ್ಲಿ 374 ಜನರ ಇನ್ಸುಲಿನ್ ಸೊನ್ನೆ, 35 ಜನರ ರಕ್ತದೊತ್ತಡ ಸೊನ್ನೆ. ರಕ್ತದೊತ್ತಡ ಸೊನ್ನೆ ಆದವರನ್ನ ಯಾರೂ ಸರ್ವೆ ಮಾಡಲ್ಲ, ಅಲ್ವಾ?

‘ಪರೀಕ್ಷೆ ಮಾಡಿಲ್ಲ’ ಮತ್ತು ‘ಬೆಲೆ ಸೊನ್ನೆ’ ಇವೆರಡೂ ಬೇರೆ ಬೇರೆ. ಆ ವ್ಯತ್ಯಾಸ ದಾಖಲೆಗೆ ಬರಲಿಲ್ಲ, ಅಷ್ಟೇ. ಮೂವತ್ತೈದು ವರ್ಷಗಳಿಂದ ಜಗತ್ತಿನ ಸಾವಿರಾರು ವಿದ್ಯಾರ್ಥಿಗಳು ಆ ಸೊನ್ನೆಗಳನ್ನ ಸರಾಸರಿ ತುಂಬಿ ಮುಚ್ಚುತ್ತಾ ಇದ್ದಾರೆ. ನಾನು ಹೇಳಬೇಕು ಅಂತಿರೋದು ಇಷ್ಟು: ವೈದ್ಯಕೀಯ ಡೇಟಾದ ಗುಣಮಟ್ಟ ಅಲ್ಗಾರಿದಮ್‌ನಲ್ಲಿ ತೀರ್ಮಾನ ಆಗಲ್ಲ, ಅದನ್ನ ತುಂಬುವ ಫಾರಂನಲ್ಲೇ ಆಗಿಹೋಗಿರುತ್ತೆ. ಆ ಫಾರಂ ಮಾಡೋ ಕೆಲಸವನ್ನ ನಾವು ಇಂಜಿನಿಯರ್‌ಗಳು ‘ಬರೀ ಯುಐ ಕೆಲಸ’ ಅಂತ ಕೀಳಾಗಿ ನೋಡ್ತೀವಿ. ಅದು ತಪ್ಪು.

ನಮ್ಮ ಜಿಲ್ಲೆಗೇ ಬಂದ ಪ್ರಶ್ನೆ

2025ರ ಜೂನ್ ತಿಂಗಳು ಯಾರಿಗೂ ಮರೆತಿರಲಿಕ್ಕಿಲ್ಲ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ದಿನಾ ಟಿವಿಯಲ್ಲಿ ಬರ್ತಿತ್ತು. ಸತ್ತವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಮನೆಯಿಂದ ಫೋನ್ ಬಂದರೆ ಮೊದಲ ಪ್ರಶ್ನೆ ‘ಎದೆ ಗಿದೆ ನೋಯ್ತಾ ಇಲ್ವಲ್ಲ ಮಗಾ’. ಕೋವಿಡ್ ಲಸಿಕೆ ಕಾರಣ ಅಂತ ಕೆಲವರು, ನೀರು ಕಾರಣ ಅಂತ ಕೆಲವರು, ಹಾಸ್ಟೆಲ್ ಊಟ ಕಾರಣ ಅಂತ ನಮ್ಮ ಬ್ಲಾಕ್‌ನವರು. ಅಭಿಪ್ರಾಯಕ್ಕೇನೂ ಬರ ಇರಲಿಲ್ಲ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ನೋಡಿದ್ದು 24 ಸಾವುಗಳನ್ನ. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದ 20ರಲ್ಲಿ 10 ಖಚಿತವಾಗಿ ಹೃದಯದ ಕಾಯಿಲೆ. ಇನ್ನು 10 ‘ಇರಬಹುದು’.

ಆ ‘ಇರಬಹುದು’ ಅನ್ನೋ ಪದದ ಮೇಲೆ ಒಂದು ನಿಮಿಷ ನಿಲ್ಲಿ. ರಾಜ್ಯದ ಅತ್ಯಂತ ಅನುಭವಿ ಹೃದ್ರೋಗ ತಜ್ಞರು ಕೂತು ನೋಡಿದರೂ ಅರ್ಧದಷ್ಟು ಸಾವುಗಳಿಗೆ ಖಚಿತ ಉತ್ತರ ಇಲ್ಲ. ಅವರ ಜ್ಞಾನಕ್ಕೇನೂ ಕೊರತೆ ಇಲ್ಲ. ಮನೆಯಲ್ಲೋ ದಾರಿಯಲ್ಲೋ ಸತ್ತವರಿಗೆ ಇಸಿಜಿ ಇರಲ್ಲ, ಮರಣೋತ್ತರ ಪರೀಕ್ಷೆ ಆಗಿರಲ್ಲ, ನೋವು ಎಷ್ಟು ಹೊತ್ತಿಗೆ ಶುರುವಾಯ್ತು ಅನ್ನೋದನ್ನ ಯಾರೂ ಬರೆದಿಟ್ಟಿರಲ್ಲ. ನಮ್ಮಲ್ಲಿ ಸಾವಿನ ಕಾರಣ ಬರೆಯೋಕೆ ಫಾರಂಗಳೇನೋ ಇವೆ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ 4ಎ. ಆದರೆ ಕಾರಣದ ಜಾಗದಲ್ಲಿ ‘ಹೃದಯ ಸ್ತಂಭನ’ ಅಂತ ಬರೆದುಬಿಟ್ಟರೆ ಏನು ತಿಳಿದ ಹಾಗಾಯ್ತು? ಸತ್ತವರೆಲ್ಲರ ಹೃದಯವೂ ನಿಂತಿರುತ್ತೆ. ಅದು ಯಾಕೆ ನಿಂತಿತು ಅನ್ನೋದೇ ಪ್ರಶ್ನೆ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನ ಇನ್ನು ಮುಂದೆ ವರದಿ ಮಾಡಬೇಕು ಅಂತ ಸರ್ಕಾರ ಅದೇ ತಿಂಗಳು ಹೇಳಿತು. ಒಳ್ಳೇದು. ಆದರೆ ವರದಿ ಅಂದ್ರೆ ಮತ್ತೆ ಒಂದು ಫಾರಂ. ಅದು ಹೆಂಗಿರುತ್ತೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸಾವಿನ ಲೆಕ್ಕದ ಮಾತು ಇದಾದರೆ, ಕ್ಲಿನಿಕಲ್ ಟ್ರಯಲ್‌ನಲ್ಲಿ ಇದರ ಬಿಗಿ ಇನ್ನೂ ಜಾಸ್ತಿ. ಟ್ರಯಲ್ ಅಂದ್ರೆ ಒಂದು ಔಷಧಿ ಅಥವಾ ಚಿಕಿತ್ಸಾ ಕ್ರಮ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಎರಡು ಗುಂಪು ಮಾಡಿ ಹೋಲಿಸಿ ನೋಡೋದು. ಅಲ್ಲಿ ಪ್ರತಿ ರೋಗಿಗೂ ಒಂದು ಕೇಸ್ ರಿಪೋರ್ಟ್ ಫಾರಂ ಇರುತ್ತೆ. ಮೊದಲು ಕಾಗದದಲ್ಲಿತ್ತು, ಈಗ ಟ್ಯಾಬ್‌ನಲ್ಲಿ. ಡಾಕ್ಟರು ನೋಡಿದ್ದು, ನರ್ಸ್ ಅಳೆದದ್ದು, ರೋಗಿ ಹೇಳಿದ್ದು ಎಲ್ಲವೂ ಆ ಬಾಕ್ಸ್‌ಗಳ ಒಳಗೆ ಹೋಗಬೇಕು. ಬಾಕ್ಸ್ ಇಲ್ಲದ್ದು ವಿಜ್ಞಾನದ ಪಾಲಿಗೆ ನಡೆದೇ ಇಲ್ಲ.

ಬೆಳಗಾವಿಯ ಚೀಲ

ಒಳ್ಳೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಒಂದು ಟ್ರಯಲ್ ನಡೆಯಿತು. ಹೆರಿಗೆ ನಂತರದ ಅತಿ ರಕ್ತಸ್ರಾವ ತಡೆಯೋಕೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಉಪಯೋಗ ಆಗುತ್ತಾ ಅನ್ನೋದು ಪ್ರಶ್ನೆ. 1,620 ಮಹಿಳೆಯರು ಭಾಗವಹಿಸಿದರು. ಮಾತ್ರೆ ಕೊಟ್ಟು, ಅಳತೆ ತೆಗೆದುಕೊಂಡವರು ದೊಡ್ಡ ಆಸ್ಪತ್ರೆಯ ಡಾಕ್ಟರುಗಳಲ್ಲ, ಉಪಕೇಂದ್ರದ ಎಎನ್‌ಎಂ ಸಿಸ್ಟರ್‌ಗಳು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅತಿ ರಕ್ತಸ್ರಾವದ ಪ್ರಮಾಣ ಶೇ. 12.0ರಿಂದ ಶೇ. 6.4ಕ್ಕೆ ಇಳಿದಿತ್ತು.

ಇದರಲ್ಲಿ ಇಂಜಿನಿಯರ್‌ಗೆ ಪಾಠ ಇರೋದು ಅಳತೆಯಲ್ಲಿ. ಅತಿ ರಕ್ತಸ್ರಾವ ಅಂದ್ರೆ 500 ಮಿ.ಲೀ. ಅಥವಾ ಹೆಚ್ಚು. ಮನೆಯಲ್ಲಿ ಹೆರಿಗೆ ಆದಾಗ ಬಟ್ಟೆ ಮೇಲೆ ಚೆಲ್ಲಿದ ರಕ್ತ ನೋಡಿ 450ನೋ 550ನೋ ಅಂತ ಯಾರು ಹೇಳ್ತಾರೆ? ಅದಕ್ಕೆ ಆ ಸಂಶೋಧಕರು ಒಂದು ಪ್ಲಾಸ್ಟಿಕ್ ಹಾಸು ಮಾಡಿದರು. ತಾಯಿಯ ಕೆಳಗೆ ಹಾಸಿದರೆ ರಕ್ತ ಕೊಳವೆಯಾಕಾರದ ಚೀಲಕ್ಕೆ ಇಳಿಯುತ್ತೆ, ಚೀಲದ ಮೇಲೆ ಗೆರೆಗಳಿರ್ತವೆ. ಗೆರೆ ನೋಡಿ ಬರೆಯೋದು, ಅಷ್ಟೇ. ಕಣ್ಣಳತೆಗಿಂತ ಈ ಚೀಲದ ಅಳತೆ ಶೇ. 33ರಷ್ಟು ಹೆಚ್ಚು ಬಂತು ಅಂತ ಅದೇ ಕಾಲದ ಇನ್ನೊಂದು ಅಧ್ಯಯನ ತೋರಿಸಿತು. ಅಂದ್ರೆ ಬರೀ ‘ರಕ್ತಸ್ರಾವ ಎಷ್ಟು’ ಅಂತ ಒಂದು ಬಾಕ್ಸ್ ಕೊಟ್ಟು ಸುಮ್ಮನಿದ್ದಿದ್ದರೆ, ಸಿಸ್ಟರ್‌ಗಳು ಪ್ರಾಮಾಣಿಕವಾಗಿಯೇ ತಪ್ಪು ಸಂಖ್ಯೆ ಬರೀತಿದ್ದರು.

ಆ ಚೀಲವನ್ನ ನಾನು ಒಳ್ಳೆ ಫಾರಂ ಅಂತಲೇ ಕರೀತೀನಿ. ಬಳಸೋರು ಯಾರು, ಎಲ್ಲಿ ಕೂತು ಬಳಸ್ತಾರೆ, ಆ ಹೊತ್ತಲ್ಲಿ ಅವರ ಕೈ ಯಾವ ಕೆಲಸದಲ್ಲಿರುತ್ತೆ ಅಂತ ಯೋಚಿಸಿ ಮಾಡಿದ್ದು. ಯೂಸರ್ ಫ್ರೆಂಡ್ಲಿ ಅಂದ್ರೆ ಬಟನ್‌ಗೆ ಗ್ರೇಡಿಯೆಂಟ್ ಹಾಕೋದು ಅಂತ ತಿಳ್ಕೊಂಡವರು ಇದನ್ನ ನೆನಪಿಡಬೇಕು.

ಹೆಸರಿನ ಬಾಕ್ಸ್‌ನಲ್ಲೇ ಎಡವುತ್ತೀವಿ

ಈಗ ನಮ್ಮ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಹೃದಯದ ಬಗ್ಗೆ ಒಂದು ಅಧ್ಯಯನ ಶುರುವಾಯ್ತು, ಫಾರಂ ಮಾಡೋ ಕೆಲಸ ನಿಮ್ಮ ತಂಡಕ್ಕೆ ಸಿಕ್ತು ಅಂದ್ಕೊಳ್ಳಿ. ಮೊದಲ ಬಾಕ್ಸ್ ಹೆಸರು. ನಮ್ಮ ಕೈ ತಾನಾಗಿಯೇ ‘ಫಸ್ಟ್ ನೇಮ್, ಲಾಸ್ಟ್ ನೇಮ್’ ಅಂತ ಟೈಪ್ ಮಾಡುತ್ತೆ. ನಮ್ಮ ಜಿಲ್ಲೆಯಿಂದ ಪ್ರಧಾನಿ ಆದವರ ಹೆಸರನ್ನೇ ಅದರಲ್ಲಿ ತುಂಬಿ ನೋಡಿ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಮೊದಲನೇದು ಊರು, ಎರಡನೇದು ಅಪ್ಪ, ಮೂರನೇದು ಅವರು. ಹಂಗಾದ್ರೆ ಫಸ್ಟ್ ನೇಮ್ ಹರದನಹಳ್ಳಿನಾ? ಕಾದಂಬರಿಕಾರ ಅ.ನ.ಕೃ. ಅವರ ‘ಅ’ ಅಂದ್ರೆ ಅರಕಲಗೂಡು. ಅದು ಲಾಸ್ಟ್ ನೇಮ್ ಆಗುತ್ತಾ? ಒಬ್ಬ ಡೇಟಾ ಎಂಟ್ರಿ ಮಾಡೋರು ಒಂಥರಾ ಹಾಕ್ತಾರೆ, ಇನ್ನೊಬ್ಬರು ಇನ್ನೊಂಥರಾ. ಆರು ತಿಂಗಳ ನಂತರ ಅದೇ ರೋಗಿ ಮತ್ತೆ ಬಂದಾಗ ಸಿಸ್ಟಮ್‌ನಲ್ಲಿ ಸಿಗಲ್ಲ, ಹೊಸ ರೋಗಿ ಅಂತ ಇನ್ನೊಂದು ಐಡಿ ಹುಟ್ಟುತ್ತೆ. ಪರಿಹಾರ ಸುಲಭ: ಹೆಸರಿಗೆ ಒಂದೇ ಬಾಕ್ಸ್, ತಂದೆ ಅಥವಾ ಗಂಡನ ಹೆಸರಿಗೆ ಒಂದು, ಊರಿಗೆ ಒಂದು. ಗುರುತಿಗೆ ಮೊದಲೇ ಪ್ರಿಂಟ್ ಮಾಡಿದ ಐಡಿ, ಅದರ ಕೊನೆಯಲ್ಲಿ ಒಂದು ಚೆಕ್ ಡಿಜಿಟ್. ಆಧಾರ್ ಸಂಖ್ಯೆಯ ಕೊನೇ ಅಂಕಿಯೂ ಇದೇ ಉಪಾಯ. ಒಂದು ಅಂಕಿ ತಪ್ಪಿದರೂ ಆ್ಯಪ್ ತಕ್ಷಣ ಹಿಡಿಯುತ್ತೆ.

ಊರಿನ ವಿಷಯವೂ ಅಷ್ಟೇ. ಟೈಪ್ ಮಾಡೋಕೆ ಬಿಟ್ಟರೆ ಚನ್ನರಾಯಪಟ್ಟಣ, ಚೆನ್ನರಾಯಪಟ್ಟಣ, ಸಿ.ಆರ್. ಪಟ್ಟಣ, ಚನ್ರಾಯಪಟ್ನ ಅಂತ ಒಂದು ತಾಲ್ಲೂಕು ನಾಲ್ಕಾಗುತ್ತೆ. ಹೊಳೆನರಸೀಪುರಕ್ಕೂ ಅದೇ ಗತಿ. ತಾಲ್ಲೂಕು, ಹೋಬಳಿ, ಹಳ್ಳಿ ಅಂತ ಪಟ್ಟಿಯಿಂದ ಆರಿಸೋ ಹಾಗೆ ಕೊಟ್ಟರೆ ಟೈಪ್ ಮಾಡೋ ಶ್ರಮವೂ ತಪ್ಪಿತು, ಆಮೇಲೆ ಕ್ಲೀನ್ ಮಾಡೋ ಗೋಳೂ ತಪ್ಪಿತು.

ವಯಸ್ಸು ಇನ್ನೊಂದು ಬಲೆ. ಹುಟ್ಟಿದ ದಿನಾಂಕ ಕಡ್ಡಾಯ ಮಾಡಿದರೆ ಅರವತ್ತು ದಾಟಿದ ಅಜ್ಜಿ ಏನು ಹೇಳ್ತಾರೆ? ಆಧಾರ್‌ನಲ್ಲಿ ಜನವರಿ 1 ಇರುತ್ತೆ. ಇಲ್ಲಾ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1. ಅನುಭವಸ್ಥ ಸರ್ವೆಯವರು ಬೇರೆ ದಾರಿ ಹಿಡೀತಾರೆ: ‘ಗೊರೂರು ಡ್ಯಾಮ್ ಕಟ್ಟುವಾಗ ನಿಮಗೆ ಮದುವೆ ಆಗಿತ್ತಾ?’, ‘ದೇವೇಗೌಡ್ರು ಪ್ರಧಾನಿ ಆದಾಗ ದೊಡ್ಡ ಮಗ ಎಷ್ಟನೇ ಕ್ಲಾಸು?’ 1996 ಅನ್ನೋದು ಅಲ್ಲಿಂದ ಲೆಕ್ಕಕ್ಕೆ ಸಿಗುತ್ತೆ. ಫಾರಂ ಕೂಡ ಇದನ್ನ ಒಪ್ಪಬೇಕು. ದಿನಾಂಕ ಗೊತ್ತಿದ್ದರೆ ದಿನಾಂಕ, ಇಲ್ಲದಿದ್ದರೆ ಅಂದಾಜು ವಯಸ್ಸು, ಜೊತೆಗೆ ‘ಅಂದಾಜು’ ಅಂತ ಒಂದು ಗುರುತು. ಸುಳ್ಳು ನಿಖರತೆಗಿಂತ ನಿಜವಾದ ಅಂದಾಜು ಮೇಲು.

ಪ್ರಶ್ನೆ ಕೇಳೋ ಭಾಷೆ

ಇನ್ನು ರೋಗದ ಪ್ರಶ್ನೆಗಳು. ಇಂಗ್ಲಿಷ್ ಫಾರಂ ತಗೊಂಡು ಟ್ರಾನ್ಸ್‌ಲೇಟ್ ಬಟನ್ ಒತ್ತಿದರೆ ಕನ್ನಡ ಫಾರಂ ಆಗಲ್ಲ. ‘ನೀವು ಧೂಮಪಾನಿಗಳೇ?’ ಅಂತ ಅರಕಲಗೂಡಿನ ಹಳ್ಳಿಯ ಅಜ್ಜಿಗೆ ಕೇಳಿದರೆ ‘ಅಯ್ಯೋ ಶಿವನೇ, ಇಲ್ಲ ಕಣಪ್ಪ’ ಅಂತಾರೆ. ಅವರ ಸೊಂಟದ ಚೀಲದಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇರುತ್ತೆ. ತಂಬಾಕು ಬೆಳೆಯೋ ಸೀಮೆ ಅದು, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯೇ ಇದೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಅಂತ ಒಂದೊಂದೇ ಹೆಸರು ಹಿಡಿದು, ಸಾಧ್ಯವಾದರೆ ಚಿತ್ರ ತೋರಿಸಿ ಕೇಳಬೇಕು. ಒಂದೇ ‘ಹೌದು/ಇಲ್ಲ’ ಬಟನ್‌ನಲ್ಲಿ ಅರ್ಧ ಊರಿನ ಹೆಂಗಸರ ತಂಬಾಕು ಅಭ್ಯಾಸ ಕಾಣೆಯಾಗಿಬಿಡುತ್ತೆ.

ಎದೆನೋವಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ನಮ್ಮ ಕಡೆ ಯಾರೂ ಮೊದಲಿಗೆ ‘ಎದೆನೋವು’ ಅನ್ನಲ್ಲ. ‘ಗ್ಯಾಸ್ಟ್ರಿಕ್ ಕಣ್ರಿ’, ‘ಎದೆ ಉರಿ’, ‘ಎದೆ ಹಿಡ್ಕೊಂಡಂಗೆ ಆಯ್ತು’, ‘ಬೆನ್ನು ಸೆಳೀತು’, ‘ಯಾಕೋ ಸುಸ್ತು’. ಒಂದು ಲೋಟ ಸೋಡಾ ಕುಡಿದು ಮಲಗ್ತಾರೆ. ಜೆಫ್ರಿ ರೋಸ್ ಎಂಬ ಬ್ರಿಟಿಷ್ ವೈದ್ಯರು 1962ರಲ್ಲೇ ಇದಕ್ಕೊಂದು ಪ್ರಶ್ನಾವಳಿ ಮಾಡಿದ್ದರು. ನೋವಷ್ಟೇ ಅಲ್ಲ, ಎದೆಯಲ್ಲಿ ಏನಾದರೂ ಅಹಿತ ಅನ್ನಿಸುತ್ತಾ, ಏರು ಹತ್ತುವಾಗ ಬರುತ್ತಾ, ನಿಂತರೆ ಕಮ್ಮಿ ಆಗುತ್ತಾ ಅಂತ ಹಂತಹಂತವಾಗಿ ಕೇಳೋದು. ಸಕಲೇಶಪುರದಲ್ಲಿ ಏರು ಹತ್ತುವ ಪ್ರಶ್ನೆ ನಡೆಯುತ್ತೆ. ಚನ್ನರಾಯಪಟ್ಟಣದ ಬಯಲಿನಲ್ಲಿ ಏರು ಎಲ್ಲಿ ಹುಡುಕೋದು? ‘ತುಂಬಿದ ಕೊಡ ಹೊತ್ತು ನಡೆಯುವಾಗ’, ‘ಬಸ್ ಹಿಡಿಯೋಕೆ ಜೋರಾಗಿ ಹೋಗುವಾಗ’ ಅಂತ ಕೇಳಬೇಕಾಗುತ್ತೆ. ಹಾಗೆ ಬದಲಾಯಿಸುವಾಗ ಅರ್ಥ ಜಾರದ ಹಾಗೆ ನೋಡಿಕೊಳ್ಳಲು, ಕನ್ನಡಕ್ಕೆ ತಂದದ್ದನ್ನ ಬೇರೆಯವರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಮೂಲದ ಜೊತೆ ಹೋಲಿಸ್ತಾರೆ. ಈ ಕೆಲಸಕ್ಕೆ ಕೋಡಿಂಗ್‌ಗಿಂತ ಹೆಚ್ಚು ಕನ್ನಡ ಬೇಕು. ನಮ್ಮ ಸಂಘದವರಿಗೆ ಇದಕ್ಕಿಂತ ಒಳ್ಳೆ ಅವಕಾಶ ಇನ್ನೆಲ್ಲಿ?

ಹೊತ್ತು ಕೇಳೋದೂ ಸುಲಭವಲ್ಲ. ಹೃದಯಾಘಾತಕ್ಕೆ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ನೋವು ಶುರುವಾದ 12 ಗಂಟೆ ಒಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೇದು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಆ ಇಂಜೆಕ್ಷನ್ ಕೊಡೋ ವ್ಯವಸ್ಥೆ ಇರೋದು ಅದಕ್ಕೇ. ಇಂಥ ಕಡೆ 12 ಗಂಟೆಯ ಗಡಿಯಾರದ ಬಾಕ್ಸ್ ಇಟ್ಟು, ಯಾರೋ ಅವಸರದಲ್ಲಿ ಬೆಳಗ್ಗೆ 4ರ ಬದಲು ಸಂಜೆ 4 ಅಂತ ಒತ್ತಿದರೆ ಇಡೀ ಲೆಕ್ಕ ತಲೆಕೆಳಗು. 24 ಗಂಟೆಯ ಗಡಿಯಾರ ಇಡಿ, ಪಕ್ಕದಲ್ಲಿ ‘ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ’ ಅಂತ ತೋರಿಸಿ. ಆಸ್ಪತ್ರೆಗೆ ಬಂದ ಹೊತ್ತು ನೋವು ಶುರುವಾದ ಹೊತ್ತಿಗಿಂತ ಮುಂಚೆ ಇದ್ದರೆ ಆ್ಯಪ್ ಕೂಡಲೇ ಕೇಳಲಿ.

ಕಡ್ಡಾಯ ಅನ್ನೋ ಕೆಂಪು ನಕ್ಷತ್ರ

ಫಾರಂ ಮಾಡುವಾಗ ನಮಗೆಲ್ಲ ಒಂದು ಚಟ. ಎಲ್ಲ ಬಾಕ್ಸ್‌ಗೂ ಕೆಂಪು ನಕ್ಷತ್ರ. ತುಂಬದಿದ್ದರೆ ಮುಂದಿನ ಪುಟ ಇಲ್ಲ. ಡೇಟಾ ಪೂರ್ತಿ ಬರುತ್ತೆ ಅನ್ನೋದು ನಮ್ಮ ಲೆಕ್ಕ. ಬರೋದು ಪೂರ್ತಿ ಡೇಟಾ ಹೌದು, ಆದರೆ ನಿಜವಾದದ್ದಲ್ಲ. ಮೊಬೈಲ್ ನಂಬರ್ ಕಡ್ಡಾಯ ಅಂದ್ರೆ ಹತ್ತು ಸಲ 9. ಬಿಪಿ ಮಷೀನ್ ಕೆಟ್ಟಿದ್ದ ದಿನ ಎಲ್ಲರಿಗೂ 120/80. ತುಂಬೋರು ಮೋಸಗಾರರಲ್ಲ. ಮುಂದೆ ಇಪ್ಪತ್ತು ಜನ ಕಾಯ್ತಾ ಇದ್ದಾರೆ, ಆ್ಯಪ್ ಬಿಡ್ತಾ ಇಲ್ಲ, ಅವರೇನು ಮಾಡಬೇಕು?

ಅದಕ್ಕೇ ಟ್ರಯಲ್ ಫಾರಂಗಳಲ್ಲಿ ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’, ‘ಪರೀಕ್ಷೆ ಆಗಿಲ್ಲ’ ಅನ್ನೋ ಉತ್ತರಗಳಿಗೆ ಬೇರೆ ಬೇರೆ ಜಾಗ ಇರುತ್ತೆ. ಆಗಿಲ್ಲ ಅಂದ್ರೆ ಯಾಕೆ ಆಗಿಲ್ಲ ಅಂತ ಒಂದು ಪ್ರಶ್ನೆ. ಸ್ವಿಟ್ಜರ್‌ಲ್ಯಾಂಡ್‌ನ ಆ 123 ಸೊನ್ನೆಗಳ ಜಾಗದಲ್ಲಿ ‘ಪರೀಕ್ಷೆ ಆಗಿಲ್ಲ’ ಅಂತ ಇದ್ದಿದ್ದರೆ ಯಾರಿಗೂ ಗೊಂದಲ ಇರ್ತಿರಲಿಲ್ಲ.

ಮಿತಿಗಳನ್ನ ಹಾಕುವಾಗಲೂ ಎಚ್ಚರ ಬೇಕು. ಬಿಪಿ 200ಕ್ಕಿಂತ ಹೆಚ್ಚು ಬರೆಯೋಕೆ ಬಿಡಲ್ಲ ಅಂತ ವ್ಯಾಲಿಡೇಷನ್ ಹಾಕಿದರೆ, 230 ಇರೋ ಮನುಷ್ಯ ಬಂದ ದಿನ ಸಿಸ್ಟರ್ 200 ಅಂತಲೇ ಬರೀತಾರೆ. ಅತಿ ಹೆಚ್ಚು ಅಪಾಯದಲ್ಲಿ ಇರೋ ರೋಗಿಯೇ ಡೇಟಾದಲ್ಲಿ ಮಾಮೂಲಿ ರೋಗಿ ಆಗ್ತಾನೆ. ಅಸಾಧ್ಯವಾದದ್ದಕ್ಕೆ ಮಾತ್ರ ತಡೆ ಇರಬೇಕು, ಉದಾಹರಣೆಗೆ ಕೆಳಗಿನ ಬಿಪಿ ಮೇಲಿನದಕ್ಕಿಂತ ಜಾಸ್ತಿ. ಅಪರೂಪದ್ದಕ್ಕೆ ‘ಇನ್ನೊಮ್ಮೆ ನೋಡಿ, ಸರಿ ಇದ್ದರೆ ಮುಂದುವರಿಸಿ’ ಅಂದರೆ ಸಾಕು. ಹಾಗೇ ಯೂನಿಟ್. ನಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ ಕೊಲೆಸ್ಟರಾಲ್ 200 ಅಂತ ಮಿಲಿಗ್ರಾಂನಲ್ಲಿ ಇರುತ್ತೆ, ಯುರೋಪಿನ ಫಾರಂ 5.2 ಅಂತ ಮಿಲಿಮೋಲ್‌ನಲ್ಲಿ ಕೇಳುತ್ತೆ. ಲೆಕ್ಕ ಹಾಕೋ ಕೆಲಸ ಕಂಪ್ಯೂಟರ್‌ಗೆ ಬಿಡಿ. ರಿಪೋರ್ಟ್‌ನಲ್ಲಿ ಇದ್ದದ್ದನ್ನ ಇದ್ದ ಹಾಗೇ ಬರೆಯೋದಷ್ಟೇ ಸಿಸ್ಟರ್ ಕೆಲಸ ಆಗಲಿ.

ಮತ್ತೆ, ಬರೆದದ್ದನ್ನ ಅಳಿಸೋ ಹಾಗಿಲ್ಲ. ಟ್ರಯಲ್‌ನಲ್ಲಿ ಒಂದು ಸಂಖ್ಯೆ ತಿದ್ದಿದರೆ ಹಳೇದು ಏನಿತ್ತು, ಯಾರು ತಿದ್ದಿದರು, ಯಾವಾಗ, ಯಾಕೆ ಅನ್ನೋದು ಉಳಿಯಲೇಬೇಕು. ಗಿಟ್ ಬಳಸೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ತುಂಬೋರ ಕಡೆಯಿಂದ

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದದ್ದು ಬಾಕಿ ಇದೆ. ಫಾರಂ ತುಂಬೋರು ಯಾರು? ಎಸಿ ರೂಮಿನಲ್ಲಿ ದೊಡ್ಡ ಮಾನಿಟರ್ ಮುಂದೆ ಕೂತ ರಿಸರ್ಚರ್ ಅಲ್ಲ. ಬಿಸಿಲಲ್ಲಿ ಮನೆ ಮನೆ ಸುತ್ತೋ ಆಶಾ ಅಕ್ಕ, ಎಎನ್‌ಎಂ ಸಿಸ್ಟರ್, ಅಂಗನವಾಡಿ ಟೀಚರ್. ಕೈಯಲ್ಲಿ ಹಳೇ ಫೋನು, ಸ್ಕ್ರೀನ್ ಒಡೆದಿರುತ್ತೆ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಒಂದು ಕಡ್ಡಿ ನೆಟ್‌ವರ್ಕ್ ಬಂದರೆ ಪುಣ್ಯ.

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ಧರಣಿ ಮಾಡಿದರು. ಗೌರವಧನ ಹೆಚ್ಚಿಸಿ ಅನ್ನೋದು ಎಲ್ಲರಿಗೂ ಕೇಳಿಸಿತು. ಅವರ ಇನ್ನೊಂದು ಬೇಡಿಕೆ ನಮ್ಮಂಥವರ ಕಿವಿಗೆ ಬೀಳಬೇಕಿತ್ತು. ಪ್ರೋತ್ಸಾಹಧನವನ್ನ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿರೋದನ್ನ ಬಿಡಿಸಿ ಅಂತ. ಕೆಲಸ ಮಾಡಿರ್ತಾರೆ, ಪೋರ್ಟಲ್‌ನಲ್ಲಿ ಎಂಟ್ರಿ ಸರಿಯಾಗಿ ಬಂದಿರಲ್ಲ, ದುಡ್ಡು ಬರಲ್ಲ. ಒಂದು ಡೇಟಾ ಎಂಟ್ರಿ ವ್ಯವಸ್ಥೆ ಕೆಟ್ಟರೆ ಯಾರ ಮನೆಯ ಒಲೆಗೆ ತಟ್ಟುತ್ತೆ ಅನ್ನೋದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯದಲ್ಲೂ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ನಮ್ಮ ಮೇಷ್ಟ್ರುಗಳು 60 ಪ್ರಶ್ನೆಯ ಆ್ಯಪ್ ಹಿಡಿದು, ಸರ್ವರ್, ಓಟಿಪಿ, ನೆಟ್‌ವರ್ಕ್ ಅಂತ ಪಟ್ಟ ಪಾಡನ್ನ ನಾವೆಲ್ಲ ನಮ್ಮ ಮನೆ ಬಾಗಿಲಲ್ಲೇ ನೋಡಿದ್ವಿ.

ಆದ್ದರಿಂದ ಆಫ್‌ಲೈನ್ ಅನ್ನೋದು ಹೆಚ್ಚುವರಿ ಸೌಲಭ್ಯ ಅಲ್ಲ, ಅಡಿಪಾಯ. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿದು, ಸಂಜೆ ಪೇಟೆಗೆ ಬಂದಾಗ ಕಳಿಸೋ ಹಾಗಿರಬೇಕು. ಮಧ್ಯದಲ್ಲಿ ಫೋನ್ ಬಂದರೆ ತುಂಬಿದ್ದು ಹಾರಿಹೋಗಬಾರದು. ಒಂದು ಪುಟಕ್ಕೆ ಒಂದೆರಡು ಪ್ರಶ್ನೆ, ದೊಡ್ಡ ಅಕ್ಷರ, ಸಂಖ್ಯೆ ಕೇಳುವಲ್ಲಿ ನಂಬರ್ ಕೀಪ್ಯಾಡ್. ಗಂಡಸರಿಗೆ ಗರ್ಭಿಣಿಯಾ ಅಂತ ಕೇಳದಷ್ಟು ಬುದ್ಧಿ. ಇದಕ್ಕೆಲ್ಲ ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಶುರು ಮಾಡಿದ ಓಡಿಕೆ ಮುಕ್ತ ತಂತ್ರಾಂಶ. ಎಕ್ಸೆಲ್ ಹಾಳೆಯಲ್ಲಿ ಪ್ರಶ್ನೆ, ಷರತ್ತು, ಕನ್ನಡ ಲೇಬಲ್ ಬರೆದರೆ ಆಂಡ್ರಾಯ್ಡ್ ಫೋನಿನಲ್ಲಿ ಆಫ್‌ಲೈನ್ ಫಾರಂ ಸಿದ್ಧ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ರೆಡ್‌ಕ್ಯಾಪ್ 2004ರಿಂದ ಇದೆ. ಸಲಕರಣೆ ಇದೆ, ಅದನ್ನ ನಮ್ಮೂರಿಗೆ ಹೊಂದಿಸೋ ಜನ ಕಮ್ಮಿ.

ಒಳ್ಳೆ ಫಾರಂ ಇದ್ದರೆ ಸಾಕಾ?

ಸಾಕಾಗಲ್ಲ, ಅದನ್ನೂ ಹೇಳಿಬಿಡ್ತೀನಿ. ಎಂವೆಲ್‌ಕೇರ್ ಅಂತ ಒಂದು ಟ್ರಯಲ್ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದಿತ್ತು. ನರ್ಸ್‌ಗಳ ಕೈಗೆ ಟ್ಯಾಬ್ ಕೊಟ್ಟು, ಬಿಪಿ, ಶುಗರ್ ಮಾಹಿತಿ ತುಂಬಿದರೆ ಯಾವ ಚಿಕಿತ್ಸೆ ಸರಿ ಅಂತ ಆ್ಯಪ್ ಸಲಹೆ ಕೊಡೋದು. 2019ರಲ್ಲಿ ಫಲಿತಾಂಶ ಬಂದಾಗ, ಒಂದು ವರ್ಷದ ನಂತರ ಆ್ಯಪ್ ಇದ್ದ ಕೇಂದ್ರಗಳಿಗೂ ಇಲ್ಲದ ಕೇಂದ್ರಗಳಿಗೂ ರೋಗಿಗಳ ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ‘ನೋಡಿ, ಸಾಫ್ಟ್‌ವೇರ್‌ನಿಂದ ಏನೂ ಆಗಲ್ಲ’ ಅಂತ ಕೆಲವರು ಇದನ್ನ ಎತ್ತಿ ತೋರಿಸಬಹುದು. ನಾನು ಓದಿಕೊಳ್ಳೋದು ಬೇರೆ ಥರ. ಆ್ಯಪ್ ಉಪಯೋಗ ಆಗಲಿಲ್ಲ ಅನ್ನೋ ಸತ್ಯವನ್ನ ನಂಬಿಕೆಯಿಂದ ಹೇಳೋಕೆ ಸಾಧ್ಯವಾಗಿದ್ದೇ ಎರಡೂ ಕಡೆ ಒಂದೇ ರೀತಿ ಅಳೆದು ದಾಖಲು ಮಾಡಿದ್ದರಿಂದ. ಫಾರಂ ರೋಗ ವಾಸಿ ಮಾಡಲ್ಲ. ವಾಸಿ ಆಯ್ತೋ ಇಲ್ಲವೋ ಅಂತ ಸುಳ್ಳಿಲ್ಲದೆ ಹೇಳುತ್ತೆ.

ಇನ್ನೊಂದು ಆಕ್ಷೇಪಣೆ ನಮ್ಮ ಗೈಡ್‌ಗಳದ್ದು. ‘ಫಾರಂ ಮಾಡೋದರಲ್ಲಿ ನಾವೆಲ್ಟಿ ಎಲ್ಲಿ?’ ಸರಿ, ಸಾರ್. ಕ್ಲೀವ್‌ಲ್ಯಾಂಡ್‌ನ 303 ಸಾಲುಗಳ ಮೇಲೆ ಐದನೇ ಬ್ಯಾಚ್ ಅದೇ ಐದು ಅಲ್ಗಾರಿದಮ್ ಓಡಿಸೋದರಲ್ಲಿ ನಾವೆಲ್ಟಿ ಎಲ್ಲಿದೆ? ಒಂದೇ ಪ್ರಶ್ನೆಯನ್ನ ಎರಡು ರೀತಿಯ ಸ್ಕ್ರೀನ್‌ನಲ್ಲಿ ಕೊಟ್ಟು, ಯಾವುದರಲ್ಲಿ ತಪ್ಪು ಕಮ್ಮಿ, ಯಾವುದಕ್ಕೆ ಹೊತ್ತು ಕಮ್ಮಿ ಅಂತ ಅಳೆಯಿರಿ. ಅದು ಪ್ರಯೋಗ, ಅದಕ್ಕೆ ಅಂಕಿಅಂಶ ಬೇಕು, ಅದರ ಫಲಿತಾಂಶ ನಾಳೆಯೇ ಯಾರಿಗಾದರೂ ಉಪಯೋಗಕ್ಕೆ ಬರುತ್ತೆ.

ಒಂದು ಎಚ್ಚರಿಕೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಉತ್ಸಾಹದಲ್ಲಿ ಗೂಗಲ್ ಫಾರಂ ಮಾಡ್ಕೊಂಡು ಆಸ್ಪತ್ರೆ ವಾರ್ಡಿಗೆ ನುಗ್ಗಬೇಡಿ. ರೋಗಿಗಳ ಮಾಹಿತಿ ಪಡೆಯೋ ಯಾವುದೇ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಗೆ ಅವರ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೀಬೇಕು. ಹೊಸ ಔಷಧಿಗಳ ಟ್ರಯಲ್‌ಗೆ 2019ರ ನಿಯಮಗಳಿವೆ, 2007ರಿಂದ ಭಾರತದ ಟ್ರಯಲ್ ನೋಂದಣಿ ಜಾಲತಾಣವೂ ಇದೆ, ಯಾರು ಬೇಕಾದರೂ ತೆರೆದು ಓದಬಹುದು. ಸಮ್ಮತಿ ಅಂದ್ರೆ ಕೊನೇ ಪುಟದ ‘ಐ ಅಗ್ರೀ’ ಟಿಕ್ ಅಲ್ಲ. ಒಪ್ಪದೇ ಇದ್ದರೂ ಚಿಕಿತ್ಸೆಗೆ ತೊಂದರೆ ಇಲ್ಲ ಅನ್ನೋದು ಮೊದಲ ಸ್ಕ್ರೀನ್‌ನಲ್ಲಿ ದೊಡ್ಡದಾಗಿ ಇರಬೇಕು.

ಹಾಗಾದ್ರೆ ನಾವೇನು ಮಾಡಬಹುದು? ಹಾಸನದಲ್ಲೇ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ಸಮುದಾಯ ವೈದ್ಯಶಾಸ್ತ್ರ ಓದೋ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯೋದು ಕಡ್ಡಾಯ, ಅದಕ್ಕೆಲ್ಲ ಫಾರಂ ಬೇಕು. ನಮ್ಮ ಕಾಲೇಜುಗಳಿಂದ ಪ್ರತಿ ವರ್ಷ ಎರಡು ತಂಡ ಅವರ ಜೊತೆ ಕೂತರೆ ಸಾಕು. ನಕಲಿ ಡೇಟಾ ಇಟ್ಟುಕೊಂಡು ಫಾರಂ ಮಾಡಿ, ಐದು ಜನ ಆಶಾ ಅಕ್ಕಂದಿರನ್ನ ಗೌರವದಿಂದ ಕರೆದು, ಅವರ ಹೊತ್ತಿಗೆ ಸಂಭಾವನೆ ಕೊಟ್ಟು, ತುಂಬೋಕೆ ಹೇಳಿ. ನೀವು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಅವರ ಬೆರಳು ಎಲ್ಲಿ ತಡವರಿಸುತ್ತೋ ಅಲ್ಲಿ ನಿಮ್ಮ ಬಗ್ ಇದೆ. ನಮ್ಮ ಸಂಘದ ಕಡೆಯಿಂದ ಬಿಪಿ, ಶುಗರ್, ತಂಬಾಕು, ಎದೆನೋವು ಈ ನಾಲ್ಕು ವಿಷಯಕ್ಕೆ ಹಾಸನ ಸೀಮೆಯ ಕನ್ನಡದಲ್ಲಿ ಒಂದು ಪ್ರಶ್ನೆಗಳ ಸಂಗ್ರಹ ಮಾಡಿ, ವೈದ್ಯರ ಹತ್ತಿರ ತೋರಿಸಿ, ಎಲ್ಲರಿಗೂ ಉಚಿತವಾಗಿ ಬಿಡಬಹುದು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟೋ ಜೊತೆಗೆ ಇದೂ ಕನ್ನಡದ ಕೆಲಸವೇ.

ಮುಂದಿನ ಸಲ ನಮ್ಮ ಜಿಲ್ಲೆಯಲ್ಲಿ ಯಾರಾದರೂ ಎದೆ ಹಿಡ್ಕೊಂಡು ಕುಸಿದಾಗ, ಯಾಕೆ ಅನ್ನೋದಕ್ಕೆ ‘ಇರಬಹುದು’ ಅನ್ನೋ ಉತ್ತರ ಒಂದಾದರೂ ಕಮ್ಮಿ ಆಗಬೇಕು. ಸೆವೆಂತ್ ಸೆಮ್‌ನವರು ಸಿನಾಪ್ಸಿಸ್ ಕೊಡೋಕೆ ಇನ್ನೂ ಸಮಯ ಇದೆ. ಕ್ಯಾಗಲ್ ಟ್ಯಾಬ್ ಮುಚ್ಚಿ, ನಿಮ್ಮ ಊರಿನ ಆಶಾ ಅಕ್ಕನ ಫೋನ್ ಒಂದು ಸಲ ಕೇಳಿ ನೋಡಿ.